ಹಳೆಯ ನೆನಪನ್ನು ಹೊಸದಾಗಿ ಮಾರುವುದು ಹೇಗೆ?

2017ರಲ್ಲಿ ಬಾರ್ಸಿಲೋನಾದ ಮೊಬೈಲ್ ಮೇಳದಲ್ಲಿ ದೊಡ್ಡ ದೊಡ್ಡ ಕಂಪನಿಗಳು ಹೊಸ ಸ್ಮಾರ್ಟ್‌ಫೋನ್‌ಗಳನ್ನು ಹರವಿಕೊಂಡು ಕೂತಿದ್ದವು. ಅವುಗಳ ನಡುವೆ ಭಾರಿ ಸುದ್ದಿ ಮಾಡಿದ್ದು ಬಟನ್ ಇರುವ ಒಂದು ಪುಟ್ಟ ಫೋನ್, ನೋಕಿಯಾ 3310. ಮೊದಲ 3310 ಬಂದದ್ದು 2000ರಲ್ಲಿ. 17 ವರ್ಷದ ನಂತರ ಮತ್ತೆ ಅದೇ ಹೆಸರು, ಅಂಥದ್ದೇ ದುಂಡನೆಯ ಮೈಕಟ್ಟು, ಜೊತೆಗೆ ಹಾವಿನ ಆಟ. ಟಚ್ ಸ್ಕ್ರೀನ್ ಇಲ್ಲ, ವೇಗದ ಇಂಟರ್ನೆಟ್ ಇಲ್ಲ. ಆದರೂ ಜನ ಮುಗಿಬಿದ್ದು ನೋಡಿದರು.

ಇದು ಸುಮ್ನೆ ಅದೃಷ್ಟದಿಂದ ಆಗುವ ಕೆಲಸ ಅಲ್ಲ. ಹಳಹಳಿಕೆಯನ್ನು, ಅಂದರೆ ಹಳೆಯ ದಿನಗಳ ಹಂಬಲವನ್ನು, ಮಾರಾಟಕ್ಕೆ ದುಡಿಸಿಕೊಳ್ಳಲು ಮಾರ್ಕೆಟಿಂಗ್‌ನವರ ಹತ್ತಿರ ಒಂದು ಕ್ರಮವೇ ಇದೆ. ನೀವು ಏನಾದರೂ ಮಾರುವವರಾದರೆ ಆ ಕ್ರಮವನ್ನು ಬಳಸಿಕೊಳ್ಳಬಹುದು. ಕೊಳ್ಳುವವರಾದರೆ, ಅದನ್ನು ನಿಮ್ಮ ಮೇಲೆ ಹೇಗೆ ಬಳಸುತ್ತಾರೆ ಅಂತ ತಿಳಿದಿರುವುದು ಒಳ್ಳೆಯದು. ಇಬ್ಬರಿಗೂ ಮೊದಲೇ ಹೇಳಬೇಕಾದ ಮಾತೊಂದಿದೆ. ಕಂಪನಿಯ ಹತ್ತಿರ ಇರುವುದು ಹಳೆಯ ವಸ್ತು ಮಾತ್ರ. ನೆನಪು ಇರುವುದು ಗ್ರಾಹಕರ ಹತ್ತಿರ. ಈ ಆಟದಲ್ಲಿ ಗೆಲ್ಲುವುದೂ ಎಡವುವುದೂ ಇದೊಂದರ ಮೇಲೆಯೇ ನಿಂತಿದೆ.

ಹಂತ 1: ಯಾರ ನೆನಪು ಅಂತ ಲೆಕ್ಕ ಹಾಕಿ

"ಹಳೆಯ ಕಾಲ" ಅಂದರೆ ಯಾವ ಕಾಲ? 25 ವರ್ಷದವರ ಹಳೆಯ ಕಾಲ ಬೇರೆ, 60 ವರ್ಷದವರದ್ದು ಬೇರೆ. ಹಾಗಾಗಿ ಮೊದಲ ಕೆಲಸ ಕೂಡಿಸಿ ಕಳೆಯುವುದು.

ನಡುವಯಸ್ಸು ದಾಟಿದವರನ್ನು ಹಳೆಯ ನೆನಪು ಹೇಳಿ ಅಂತ ಕೇಳಿದರೆ, ಹೆಚ್ಚಿನವು ಅವರ ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನ ವರ್ಷಗಳಿಂದ ಬರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಕೆಲಸ, ಮೊದಲ ಪ್ರೀತಿ, ಮೊದಲ ಸ್ವಂತ ಸಂಪಾದನೆ ಎಲ್ಲ ಆಗುವುದು ಆಗಲೇ ಅಲ್ವಾ? ಮಾರ್ಕೆಟಿಂಗ್ ಸಂಶೋಧಕರಾದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ವರ್ಷಗಳ ಜನಪ್ರಿಯ ಹಾಡುಗಳನ್ನು ಕೇಳಿಸಿ ನೋಡಿದರು. ಜನರಿಗೆ ಹೆಚ್ಚು ಇಷ್ಟವಾದದ್ದು ತಮಗೆ ಸುಮಾರು 23-24 ವರ್ಷ ಇದ್ದಾಗ ಬಂದ ಹಾಡುಗಳು.

ಈಗ ಲೆಕ್ಕ ಸುಲಭ. ನಿಮ್ಮ ಗ್ರಾಹಕರಿಗೆ 45 ವರ್ಷ ಅಂದುಕೊಳ್ಳಿ. 20ರಿಂದ 30 ವರ್ಷ ಹಿಂದಕ್ಕೆ ಹೋಗಿ. ಆಗಿನ ಬಣ್ಣ, ಅಕ್ಷರದ ಶೈಲಿ, ಸದ್ದು ನಿಮಗೆ ಬೇಕಾದ ಸರಕು. ಫ್ಯಾಷನ್ ಇಪ್ಪತ್ತು ಚಿಲ್ಲರೆ ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅನ್ನುತ್ತಾರಲ್ಲ, ಅದರ ಹಿಂದೆ ಇರುವ ಒಂದು ಕಾರಣ ಇದು. ಅಂದಿನ ಹುಡುಗರು ಇಂದು ಸಂಪಾದಿಸುವ ವಯಸ್ಸಿಗೆ ಬಂದಿರುತ್ತಾರೆ. ಕಂಪನಿಯೊಳಗೆ ಕೂತು ತೀರ್ಮಾನ ಮಾಡುವವರೂ ಅದೇ ವಯಸ್ಸಿನವರಾಗಿರುತ್ತಾರೆ. ಈ ಎರಡನೆಯ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಸಲ "ಗ್ರಾಹಕರ ನೆನಪು" ಅಂತ ನಡೆಯುವುದು ಮ್ಯಾನೇಜರ್‌ನ ನೆನಪು.

ಆದರೆ ಈ ಲೆಕ್ಕಕ್ಕೆ ಸಿಗದ ಒಂದು ಗುಂಪಿದೆ. ತಾವು ಹುಟ್ಟುವ ಮೊದಲಿನ ಕಾಲಕ್ಕೂ ಹಂಬಲಿಸುವವರು. ಅಮೆರಿಕದಲ್ಲಿ 2020ರಲ್ಲಿ ಗ್ರಾಮಫೋನ್ ರೆಕಾರ್ಡ್‌ಗಳ ಮಾರಾಟದ ಹಣ ಸಿಡಿಗಳನ್ನು ಮೀರಿಸಿತು. 1986ರ ನಂತರ ಹಾಗಾದದ್ದು ಅದೇ ಮೊದಲು. ಕೊಂಡವರಲ್ಲಿ ರೆಕಾರ್ಡ್‌ಗಳ ಕಾಲವನ್ನೇ ನೋಡದ ಯುವಕರೂ ಇದ್ದರು. ಇವರಿಗೆ "ನಿಮಗೆ ನೆನಪಿದೆಯಾ?" ಅಂದರೆ ಪ್ರಯೋಜನ ಇಲ್ಲ. ಇವರಿಗೆ ಬೇಕಿರುವುದು ಕೈಯಲ್ಲಿ ಹಿಡಿಯಬಹುದಾದ, ನಿಧಾನವಾದ ಏನೋ ಒಂದು. ಈ ಎರಡು ಗುಂಪಿಗೂ ಒಂದೇ ಜಾಹೀರಾತು ಮಾಡಬೇಡಿ.

ಹಂತ 2: ಯಾವಾಗ ಹೇಳಬೇಕು ಅಂತ ನೋಡಿ

1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಹಳಹಳಿಕೆಯ ಬಗ್ಗೆ ಪ್ರಬಂಧ ಬರೆದಾಗ ಇದನ್ನು ಕಾಯಿಲೆ ಅಂತಲೇ ಕರೆದಿದ್ದ. ಊರು ಬಿಟ್ಟು ಬಂದವರಿಗೆ ಅಂಟುವ ಕಾಯಿಲೆ. ಈಗಿನ ಸಂಶೋಧನೆ ಹೆಚ್ಚುಕಡಿಮೆ ಉಲ್ಟಾ ಹೇಳುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್, ಟಿಮ್ ವಿಲ್ಡ್‌ಶುಟ್ ಮತ್ತು ಅವರ ಜೊತೆಗಾರರು ಕಂಡುಕೊಂಡಂತೆ, ಬೇಸರ ಮತ್ತು ಒಂಟಿತನ ಕಾಡಿದಾಗ ಜನ ಹಳೆಯ ನೆನಪಿಗೆ ಮೊರೆ ಹೋಗುತ್ತಾರೆ. ಆ ನೆನಪು ಅವರಿಗೆ "ನನಗೂ ನನ್ನವರು ಇದ್ದಾರೆ" ಅನ್ನುವ ಧೈರ್ಯ ಕೊಡುತ್ತದೆ.

ಮಾರುವವರಿಗೆ ಇದರಿಂದ ಸಿಗುವುದು ಸಮಯದ ಸುಳಿವು. ಎಲ್ಲವೂ ಬೇಗ ಬದಲಾಗುತ್ತಿರುವಾಗ, ನಾಳೆ ಏನು ಅನ್ನುವ ಅಂಜಿಕೆ ಇರುವಾಗ, ಹಳೆಯದಕ್ಕೆ ಬೆಲೆ ಜಾಸ್ತಿ. ಬೆಲೆ ಅಂದರೆ ನಿಜವಾಗಿಯೂ ಬೆಲೆಯೇ. 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು, ಅದನ್ನು ನಡೆಸಿದವರಲ್ಲಿ ಸೆಡಿಕಿಡೀಸ್ ಕೂಡ ಇದ್ದರು. ಹಳೆಯ ಸಿಹಿ ನೆನಪಿನಲ್ಲಿ ಇದ್ದವರು ಅದೇ ವಸ್ತುವಿಗೆ ಉಳಿದವರಿಗಿಂತ ಹೆಚ್ಚು ಹಣ ಕೊಡಲು ತಯಾರಿದ್ದರು. ನೆನಪಿನಲ್ಲಿ ನೆಂಟರು, ಗೆಳೆಯರು ಬಂದು ಕೂತಾಗ ಹಣದ ಮೇಲಿನ ಹಿಡಿತ ಸಡಿಲವಾಗುತ್ತದೆ ಅನ್ನುವುದು ಆ ಸಂಶೋಧಕರ ವಿವರಣೆ. ಕೊಳ್ಳುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಹಂತ 3: ಒಂದೇ ಒಂದು ಗುರುತು ಉಳಿಸಿ, ಉಳಿದದ್ದೆಲ್ಲ ಹೊಸದು ಮಾಡಿ

ಇಡೀ ಕೆಲಸದ ಜಾಣತನ ಇರುವುದು ಇಲ್ಲಿ. ಹಳೆಯದನ್ನು ಹಳೆಯದಾಗಿಯೇ ಕೊಟ್ಟರೆ ಜನ ಎರಡು ದಿನ ಮುದ್ದಾಡಿ ಮೂಲೆಗೆ ಇಡುತ್ತಾರೆ. ನೆನಪಿನಲ್ಲಿ ಹಳೆಯ ಕಾರು ಯಾವತ್ತೂ ಕೆಟ್ಟು ನಿಂತಿರುವುದಿಲ್ಲ. ನಿಜದಲ್ಲಿ ನಿಂತಿರುತ್ತದೆ.

ಫೋಕ್ಸ್‌ವ್ಯಾಗನ್ ಏನು ಮಾಡಿತು ನೋಡಿ. ಹಳೆಯ ಬೀಟಲ್ ಕಾರಿನ ಎಂಜಿನ್ ಹಿಂದೆ ಇತ್ತು, ಗಾಳಿಯಿಂದ ತಣಿಯುತ್ತಿತ್ತು. 1990ರ ದಶಕದ ಕೊನೆಗೆ ಬಂದ ನ್ಯೂ ಬೀಟಲ್‌ನಲ್ಲಿ ಎಂಜಿನ್ ಮುಂದಕ್ಕೆ ಬಂತು, ನೀರಿನಿಂದ ತಣಿಯುವಂಥದ್ದಾಯಿತು. ಒಳಗಿನ ಚೌಕಟ್ಟು ಅದೇ ಕಂಪನಿಯ ಗಾಲ್ಫ್ ಕಾರಿನದ್ದು. ಉಳಿದದ್ದು ಏನು? ಮೂರು ಕಮಾನುಗಳ ಆ ದುಂಡು ಆಕಾರ. ಜೊತೆಗೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಹೂವು ಸಿಕ್ಕಿಸುವ ಪುಟ್ಟ ಕೊಳವೆ. ಹಳೆಯ ಬೀಟಲ್ ಇಟ್ಟುಕೊಂಡಿದ್ದವರು ಅಂಥ ಹೂದಾನಿಯನ್ನು ಕಾರಿಗೆ ಸೇರಿಸಿಕೊಳ್ಳುತ್ತಿದ್ದರು. ಕಾರು ಓಡಲು ಆ ಕೊಳವೆಯಿಂದ ಕಾಸಿನಷ್ಟೂ ಉಪಯೋಗ ಇಲ್ಲ. ಆದರೆ ನೋಡಿದವರಿಗೆ ಒಂದು ಕ್ಷಣ ಮುಖ ಅರಳುತ್ತದೆ. ನನ್ನ ಮಟ್ಟಿಗೆ ಇದು ಈ ವಿದ್ಯೆಯ ಅತ್ಯುತ್ತಮ ಉದಾಹರಣೆ.

ಫಿಯೆಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಪುಟ್ಟ ಫಿಯೆಟ್ 500 ಬಂದದ್ದು 1957ರ ಜುಲೈ 4ರಂದು. ಹೊಸ 500 ಬಿಡುಗಡೆಯಾದದ್ದು 2007ರ ಜುಲೈ 4ರಂದು. ಸರಿಯಾಗಿ 50 ವರ್ಷ. ತಾರೀಕು ಕೂಡ ಒಂದು ಗುರುತೇ.

ನಿಂಟೆಂಡೊ 2016ರ ನವೆಂಬರ್‌ನಲ್ಲಿ ತನ್ನ 1980ರ ದಶಕದ ಗೇಮ್ ಯಂತ್ರವನ್ನು ಅಂಗೈಯಗಲದ ಪೆಟ್ಟಿಗೆಯಾಗಿ ತಂದಿತು. ಒಳಗೆ 30 ಆಟಗಳು. ಹೊರಗೆ ಅದೇ ಬೂದು ಬಣ್ಣ. ಆದರೆ ಇವತ್ತಿನ ಟಿವಿಗೆ ನೇರವಾಗಿ ಸಿಕ್ಕಿಸಬಹುದು, ಆಟವನ್ನು ಅರ್ಧಕ್ಕೆ ಬಿಟ್ಟು ಉಳಿಸಿಕೊಳ್ಳಬಹುದು. ಹಳೆಯ ಯಂತ್ರದಲ್ಲಿ ಕ್ಯಾಸೆಟ್ ಸರಿಯಾಗಿ ಕೂರದೆ ಮತ್ತೆ ಮತ್ತೆ ಹಾಕಿ ತೆಗೆಯುವ ಪಾಡು ಇತ್ತು. ಅದನ್ನು ಯಾರೂ ವಾಪಸ್ ಕೇಳಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಹಳೆಯ ವಸ್ತುವಿನ ಚಿತ್ರವನ್ನು ಮುಂದೆ ಇಟ್ಟುಕೊಳ್ಳಿ. ಒಂದೊಂದೇ ಭಾಗವನ್ನು ಕೈಯಿಂದ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ "ಇದು ಅದಲ್ಲ" ಅನ್ನಿಸುತ್ತದೋ ಅದನ್ನು ಉಳಿಸಿ. ಅದು ಲೋಗೊ ಆಗಿರಬಹುದು, ಮುಚ್ಚಳ ತೆಗೆಯುವಾಗಿನ ಸದ್ದು ಆಗಿರಬಹುದು, ಬಣ್ಣ ಆಗಿರಬಹುದು. ವಾಸನೆ ಸಿಕ್ಕರಂತೂ ಬಿಡಬೇಡಿ. ಮೆದುಳಿನಲ್ಲಿ ವಾಸನೆಯ ದಾರಿ ನೆನಪು ಮತ್ತು ಭಾವನೆಯ ಜಾಗಗಳಿಗೆ ತುಂಬಾ ಹತ್ತಿರ. ಅದಕ್ಕೇ ಒಂದು ಪರಿಮಳ ಮೂಗಿಗೆ ಬಡಿದ ಕೂಡಲೇ ಮನಸ್ಸು ಎಲ್ಲಿಗೋ ಹೋಗಿಬಿಡುತ್ತದೆ.

ಹಂತ 4: ಜಾಹೀರಾತಿನಲ್ಲಿ ಜಾಗ ಬಿಡಿ

ದೊಡ್ಡ ತಪ್ಪು ಅಂದರೆ ಕಂಪನಿಯ ಚರಿತ್ರೆ ಹೇಳುವುದು. "ನಾವು 75 ವರ್ಷದಿಂದ ಇದ್ದೇವೆ" ಅಂದರೆ ಕೇಳುವವರಿಗೆ ಏನಾಗಬೇಕು? ನೆನಪಿನ ಕಥೆಯಲ್ಲಿ ನಾಯಕ ಯಾವಾಗಲೂ ನೆನೆಯುವವನೇ. ಅವನ ಸುತ್ತ ಅವನಿಗೆ ಹತ್ತಿರದವರು. ನಿಮ್ಮ ವಸ್ತು ಪಕ್ಕದಲ್ಲಿ ಎಲ್ಲೋ ಬಿದ್ದಿರುವ ಸಾಮಾನು. ಅದಕ್ಕೆ ಅಷ್ಟೇ ಪಾತ್ರ ಕೊಡಿ.

ಹಾಗಾಗಿ ಜಾಹೀರಾತಿನಲ್ಲಿ ಎಲ್ಲವನ್ನೂ ತೋರಿಸಬೇಡಿ. ಸ್ವಲ್ಪ ಮಸುಕಾದ ಚಿತ್ರ, ಹಳೆಯ ಟಿವಿಯ ಚೌಕದ ಅಳತೆ, ಫಿಲ್ಮಿನ ಚುಕ್ಕೆಗಳು, ಪೂರ್ತಿ ಕಾಣದ ಮುಖ. ಉಳಿದದ್ದನ್ನು ನೋಡುವವರು ತಮ್ಮ ಮನೆಯಿಂದಲೇ ತಂದು ತುಂಬಿಕೊಳ್ಳುತ್ತಾರೆ. ಆ್ಯಪ್‌ಗಳು ಈ ಕೆಲಸವನ್ನು ಇನ್ನೂ ಸುಲಭ ಮಾಡಿಕೊಂಡಿವೆ. ಫೇಸ್‌ಬುಕ್ 2015ರಲ್ಲಿ, ಹಿಂದಿನ ವರ್ಷಗಳಲ್ಲಿ ಇದೇ ದಿನ ನೀವು ಏನು ಹಾಕಿದ್ದಿರಿ ಅಂತ ತೋರಿಸುವ ಸೌಲಭ್ಯ ತಂದಿತು. ಸರಕು ನಿಮ್ಮದೇ, ಗ್ರಾಹಕರೂ ನೀವೇ. ಅವರದ್ದು ತೋರಿಸುವ ಕೆಲಸ ಮಾತ್ರ. ಆದರೆ ಎಲ್ಲ ಹಳೆಯ ಫೋಟೋ ಸಿಹಿ ಅಲ್ಲ. ಅಗಲಿದವರು, ಬಿಟ್ಟುಹೋದವರು ಬೆಳಗ್ಗೆ ಬೆಳಗ್ಗೆ ಪರದೆ ಮೇಲೆ ಬಂದರೆ ಯಾರಿಗೆ ಬೇಕು? ಅದಕ್ಕೇ ಕೆಲವು ಹೆಸರು, ಕೆಲವು ತಾರೀಕು ಬೇಡ ಅನ್ನುವ ಆಯ್ಕೆಯನ್ನೂ ಕೊಡಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ. ನೆನಪು ತುಂಬಾ ಮೆತ್ತಗಿನ ವಸ್ತು. ಕ್ಯಾಥರಿನ್ ಬ್ರೌನ್, ರಿಯಾನನ್ ಎಲಿಸ್, ಎಲಿಜಬೆತ್ ಲಾಫ್ಟಸ್ ಎಂಬ ಸಂಶೋಧಕರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಡಿಸ್ನಿ ಉದ್ಯಾನದಲ್ಲಿ ಮಕ್ಕಳು ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲದ ಕೈ ಕುಲುಕುವಂಥ ನಕಲಿ ಜಾಹೀರಾತನ್ನು ಜನರಿಗೆ ತೋರಿಸಿದರು. ಅದನ್ನು ನೋಡಿದವರಲ್ಲಿ ಕೆಲವರಿಗೆ ತಾವೂ ಚಿಕ್ಕವರಿದ್ದಾಗ ಅಲ್ಲಿ ಆ ಮೊಲವನ್ನು ಭೇಟಿಯಾಗಿದ್ದೇವೆ ಅನ್ನಿಸತೊಡಗಿತು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ. ಡಿಸ್ನಿ ಉದ್ಯಾನದಲ್ಲಿ ಅದು ಸಿಗುವ ಮಾತೇ ಇಲ್ಲ! ಅಂದರೆ ಜಾಹೀರಾತು ನೆನಪನ್ನು ಕೆದಕುವುದಷ್ಟೇ ಅಲ್ಲ, ಇಲ್ಲದ ನೆನಪನ್ನು ನೆಡಲೂಬಹುದು. ನಡೆಯದೇ ಇದ್ದದ್ದನ್ನು ನಡೆದಂತೆ ತೋರಿಸುವುದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ, ಕಾನೂನು ಏನೇ ಹೇಳಲಿ.

ಹಂತ 5: ಇರುವುದನ್ನು ಕೀಳುವ ಮೊದಲು ಕೇಳಿ

ಹಳಹಳಿಕೆಯ ಬಲ ಗೊತ್ತಾಗುವುದು ಅದನ್ನು ಕೆಣಕಿದಾಗ. ಕೋಕ-ಕೋಲಾ 1985ರ ಏಪ್ರಿಲ್ 23ರಂದು ತನ್ನ ಪಾನೀಯದ ರುಚಿ ಬದಲಾಯಿಸಿತು. ಅದಕ್ಕೂ ಮೊದಲು ಸುಮಾರು 2 ಲಕ್ಷ ಜನರ ಮೇಲೆ ರುಚಿ ಪರೀಕ್ಷೆ ಮಾಡಿತ್ತು. ಹೊಸದೇ ಚೆನ್ನಾಗಿದೆ ಅನ್ನುವ ಉತ್ತರವೂ ಬಂದಿತ್ತು. ಆದರೆ ಜೂನ್ ಹೊತ್ತಿಗೆ ದಿನಕ್ಕೆ 400 ಬರುತ್ತಿದ್ದ ಗ್ರಾಹಕರ ಫೋನ್ ಕರೆಗಳು 1,500ಕ್ಕೆ ಏರಿದವು. ಬೈಗುಳವೋ ಬೈಗುಳ. 79 ದಿನಕ್ಕೆ ಕಂಪನಿ ಮಣಿಯಿತು. ಹಳೆಯ ರುಚಿ "ಕ್ಲಾಸಿಕ್" ಅನ್ನುವ ಹೆಸರಿನಲ್ಲಿ ವಾಪಸ್ ಬಂತು.

ಪರೀಕ್ಷೆಯಲ್ಲಿ ತಪ್ಪಿದ್ದು ಎಲ್ಲಿ? ನಾಲಿಗೆಯನ್ನು ಕೇಳಿದರು. ಈ ರುಚಿ ಬಂದರೆ ಹಳೆಯದು ಹೋಗುತ್ತದೆ, ಪರವಾಗಿಲ್ವಾ ಅಂತ ಸರಿಯಾಗಿ ಕೇಳಲಿಲ್ಲ. ರುಚಿಯ ಗುಟ್ಟು ಕಂಪನಿಯ ತಿಜೋರಿಯಲ್ಲಿ ಇತ್ತು, ನಿಜ. ಆದರೆ ಜನ ಅದನ್ನು ತಮ್ಮ ಸ್ವಂತದ್ದು ಅಂದುಕೊಂಡಿದ್ದರು. ಬಟ್ಟೆ ಕಂಪನಿ ಗ್ಯಾಪ್ 2010ರಲ್ಲಿ ಲೋಗೊ ಬದಲಿಸಿ ಒಂದೇ ವಾರದೊಳಗೆ ಹಳೆಯದಕ್ಕೆ ಮರಳಿದ್ದೂ ಇದೇ ಕಾರಣಕ್ಕೆ.

ಹಂತ 6: ಎಷ್ಟು, ಎಷ್ಟು ದಿನ

ಹಳೆಯದು ಎಲ್ಲ ಕಡೆ ಸಿಗತೊಡಗಿದರೆ ಅದು ಹಳೆಯದಾಗಿ ಉಳಿಯುವುದಿಲ್ಲ, ಮಾಮೂಲಿ ಆಗುತ್ತದೆ. ಅಡಿಡಾಸ್ ತನ್ನ ಸ್ಟಾನ್ ಸ್ಮಿತ್ ಶೂಗಳನ್ನು ಸ್ವಲ್ಪ ಕಾಲ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡು 2014ರಲ್ಲಿ ಮತ್ತೆ ಬಿಟ್ಟಿತು. ಇಲ್ಲದಾಗ ಹುಟ್ಟಿದ ಹಸಿವೇ ಅರ್ಧ ಪ್ರಚಾರ. ಆದರೆ ಕೊರತೆಯೂ ಅತಿಯಾಗಬಾರದು. ನಿಂಟೆಂಡೊ ಆ ಪುಟ್ಟ ಪೆಟ್ಟಿಗೆಯನ್ನು ಬೇಕಾದಷ್ಟು ತಯಾರಿಸಲಿಲ್ಲ. 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿಯೂಬಿಟ್ಟಿತು. ನಡುವಿನವರು ದುಪ್ಪಟ್ಟು ಬೆಲೆ ಹಾಕಿ ಮಾರಿಕೊಂಡರು. ಸಿಟ್ಟು ಬಂದದ್ದು ಮಾತ್ರ ನಿಂಟೆಂಡೊ ಮೇಲೆ. ಕೊನೆಗೆ 2018ರ ಜೂನ್‌ನಲ್ಲಿ ಮತ್ತೆ ತರಬೇಕಾಯಿತು.

ಹಾಗಾಗಿ ಎಷ್ಟು ದಿನ ಸಿಗುತ್ತದೆ ಅಂತ ಮೊದಲೇ ತೀರ್ಮಾನಿಸಿ, ಅದನ್ನು ಗ್ರಾಹಕರಿಗೂ ಹೇಳಿಬಿಡಿ. ಮೊದಲ ವಾರದ ಮಾರಾಟ ನೋಡಿ ಹಿಗ್ಗಬೇಡಿ. ಅದು ಕುತೂಹಲದ ಮಾರಾಟ, ಅದರಲ್ಲಿ ಅರ್ಧ ಫೋಟೋ ತೆಗೆದು ಹಾಕಲು ಕೊಂಡದ್ದು. ಮೂರು ತಿಂಗಳ ನಂತರ ಎರಡನೇ ಸಲ ಕೊಂಡವರನ್ನು ಎಣಿಸಿ. ಅವರ ಸಂಖ್ಯೆ ತೀರಾ ಕಡಿಮೆ ಇದ್ದರೆ ಮತ್ತೆ ಮೂರನೇ ಹಂತಕ್ಕೆ ಹೋಗಿ. ಬಹುಶಃ ನೀವು ಉಳಿಸಿದ ಗುರುತು ಸರಿಯಾಗಿದೆ, ಅದರ ಒಳಗಿನ ವಸ್ತುವೇ ಇನ್ನೂ ಹಳೆಯದು.