ಹರಟೆಯ ನಡುವಿನ ಮೌನಕ್ಕೆ ಬಣ್ಣ ಹಚ್ಚುವುದು ಹೇಗೆ?

ಗುಂಪಿನಲ್ಲಿ ಸುಮ್ನೆ ಕೂತವರ ಬಗ್ಗೆ ಚಿತ್ರ ಮಾಡಿ ಅಂದರೆ ಬಹಳ ಜನ ಬಾಯಿ ಮೇಲೆ ಬೆರಳಿಟ್ಟ ಮುಖ ಬರೆಯುತ್ತಾರೆ. ಇಲ್ಲವೇ ನಡುವೆ ಬಿಳಿ ಜಾಗ ಬಿಟ್ಟು ಅಮೂರ್ತ ಕಲೆ ಎನ್ನುತ್ತಾರೆ. ಎರಡೂ ಬೇಡ. ಬಿಟ್ಟ ಜಾಗ ಮೌನದಂತೆ ಕಾಣಲ್ಲ, ಕೆಲಸ ಬಾಕಿ ಉಳಿದಂತೆ ಕಾಣುತ್ತದೆ.

ಮೊದಲು ಕೇಳಿಸಿಕೊಳ್ಳಿ. ಸಂಜೆ ದಾವಣಗೆರೆಯ ಯಾವುದಾದರೂ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಗೆ ಗೆಳೆಯರೊಂದಿಗೆ ಹೋಗಿ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಮಾತಾಡಿದಷ್ಟು ಹೊತ್ತು ಗೆರೆ ಎಳೆಯಿರಿ, ನಿಲ್ಲಿಸಿದಾಗ ಬಿಡಿ. ಮೊಬೈಲಿನಲ್ಲಿ ಕದ್ದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಅಧ್ಯಯನದಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಇತ್ತು. ಹಾಗಾಗಿ ಎರಡು ಸೆಕೆಂಡ್ ಅಂದರೆ ಜಾಸ್ತಿಯೇ. ‘ರೊಕ್ಕ ಯಾವಾಗ ಕೊಡ್ತೀಯಪ್ಪಾ?’ ಎಂದು ಯಾರೋ ಕೇಳಿದೊಡನೆ ಎಲ್ಲರೂ ಮಂಡಕ್ಕಿಗೆ ಕೈಹಾಕುತ್ತಾರಲ್ಲ, ಅಲ್ಲಿ ಗುರುತು ಹಾಕಿ.

300 ಜಿಎಸ್‌ಎಂನ ದಪ್ಪ ಹಾಳೆ, ಅಕ್ರಿಲಿಕ್ ಬಣ್ಣ ಸಾಕು. ನೋಟ್‌ಬುಕ್ಕಿನ ಒಂದೊಂದು ಸಾಲಿಗೆ ಹಾಳೆಯ ಮೇಲೆ ಒಂದೊಂದು ಪಟ್ಟಿ. ಈ ಮಾತಿನ ಪಟ್ಟಿಗಳನ್ನು ಗಾಢವಾಗಿ ಹಚ್ಚಿ ಒಣಗಿಸಿ.

ಕೆಡುವುದು ಇನ್ನು ಮುಂದೆ. ಮೌನಕ್ಕೆ ಟ್ಯೂಬಿನ ಬಿಳಿ ಹಾಗೇ ಬಳಿಯಬೇಡಿ. ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅದಕ್ಕಿಂತ ಕಮ್ಮಿ ಬರ್ಂಟ್ ಅಂಬರ್ (ಗಾಢ ಕಂದು) ಬೆರೆಸಿ. ತೆಳ್ಳಗೆ ಮಾಡಿ, ಮೌನದ ಗುರುತು ಬಿದ್ದ ಕಡೆ ರೋಲರಿನಿಂದ ಪಟ್ಟಿಗಳ ಮೇಲೆಯೇ ಉರುಳಿಸಿ. ಆಮೇಲೆ, ಇದು ಯಾರ ಮೌನ ಎಂದು ಕೇಳಿಕೊಳ್ಳಿ. ಮಾತು ನುಂಗಿಕೊಂಡವರದಾದರೆ ಹಸಿ ಇರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಕೆಳಗಿನ ಬಣ್ಣ ಮಸುಕಾಗಿ ಕಾಣಲಿ. ದೊಡ್ಡವರು ಮುಖ ಗಂಟಿಕ್ಕಿ ಎಲ್ಲರ ಬಾಯಿ ಮುಚ್ಚಿಸಿದ್ದಾದರೆ ಒರೆಸಬೇಡಿ. ಮೂರು ಕೋಟ್ ಕೊಡಿ, ಪಕ್ಕದ ಪಟ್ಟಿಗಳ ಅಂಚನ್ನೂ ತಿನ್ನಲಿ. ಅಮೂರ್ತ ಚಿತ್ರಗಳ ಕಲಾವಿದ ವಿ.ಎಸ್. ಗಾಯತೊಂಡೆ (1924–2001) ರೋಲರ್, ಪ್ಯಾಲೆಟ್ ನೈಫ್ ಹಿಡಿದು ಹೀಗೆ ಹಚ್ಚಿ ತೆಗೆದು ಪದರ ಕಟ್ಟುತ್ತಿದ್ದರು. ಅವರದು ಎಣ್ಣೆಬಣ್ಣ, ನಿಧಾನಕ್ಕೆ ಒಣಗುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಅಕ್ರಿಲಿಕ್ ನೋಡನೋಡುತ್ತಲೇ ಒಣಗುತ್ತದೆ. ಅಂಗೈಯಗಲ ಜಾಗ ಮುಗಿಸಿಯೇ ಮುಂದೆ ಹೋಗಿ. ಫ್ಯಾನ್ ಆಫ್ ಮಾಡಿ, ಬೆವರಿದರೂ ಪರವಾಗಿಲ್ಲ.

ನೇರ ಅಂಚು ಬೇಕಿದ್ದರೆ ಮಾಸ್ಕಿಂಗ್ ಟೇಪ್. ಪೆಟ್ಟಿಗೆಗೆ ಸುತ್ತುವ ಕಂದು ಟೇಪ್ ಬೇಡ, ಹಾಳೆಯ ಸಿಪ್ಪೆಯೇ ಎದ್ದು ಬರುತ್ತದೆ. ಒಳ್ಳೆ ಟೇಪನ್ನೂ ಒಮ್ಮೆ ಅಂಗಿಗೆ ಅಂಟಿಸಿ ತೆಗೆದು ಬಳಸಿ, ಅಂಟು ಕಮ್ಮಿಯಾಗುತ್ತದೆ.

ಮೇಲೆ ಮ್ಯಾಟ್ ವಾರ್ನಿಷ್. ಹೊಳಪಿನದು ಹಚ್ಚಿದರೆ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಹಿಂಬದಿಗೆ ತಾರೀಖು, ಅಂಗಡಿ ಹೆಸರು ಬರೆಯಿರಿ. ಕೂತಿದ್ದವರ ಹೆಸರು ಮಾತ್ರ ಬೇಡ.