ಗಾಳ ಹಾಕುವ ಮುನ್ನ ಉಬ್ಬರದ ಹೊತ್ತು ನೋಡಿ

ಮಲ್ಪೆ, ಗಂಗೊಳ್ಳಿ ಕಡೆಯಿಂದ ಮುಂಬಯಿಗೆ ಬಂದ ನಮ್ಮವರು ಇಲ್ಲಿನ ಕಡಲೂ ಊರಿನದರಂತೆಯೇ ಎಂದುಕೊಂಡು ಭಾನುವಾರ ಗಾಳ ಹಿಡಿದು ಹೊರಡುತ್ತಾರೆ. ಊರಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸಾಮಾನ್ಯವಾಗಿ ಎರಡು ಮೀಟರಿನ ಅಂತರವೂ ಇರುವುದಿಲ್ಲ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಅದು ನಾಲ್ಕು ಮೀಟರ್ ಮುಟ್ಟುತ್ತದೆ. ಮುಂಬಯಿಯ ಮಢ್‌ನ ಬಂಡೆಯ ಮೇಲೆ ಮೊದಲ ಸಲ ಕೂತಾಗ ನಾನು ಎದುರಿನ ನೀರನ್ನಷ್ಟೇ ನೋಡುತ್ತಿದ್ದೆ. ಬೆನ್ನ ಹಿಂದಿನ ತಗ್ಗು ತುಂಬಿಕೊಂಡು, ಎದೆಮಟ್ಟದ ನೀರಲ್ಲಿ ದಾಟಿ ಬರಬೇಕಾಯಿತು.

ಮೊದಲ ಕೆಲಸ, ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಉಪಗ್ರಹ ಚಿತ್ರ ಹಾಕಿಕೊಳ್ಳಿ. ಕೂರಬೇಕೆಂದಿರುವ ಬಂಡೆಯ ಮೇಲೆ ಬೆರಳು ಒತ್ತಿ ಹಿಡಿದರೆ ಗುರುತು ಬೀಳುತ್ತದೆ, ಅದನ್ನು ಉಳಿಸಿಡಿ. ಬಂಡೆಯಿಂದ ದಡದವರೆಗಿನ ದಾರಿಯಲ್ಲಿ ತಗ್ಗು, ಕೆಸರು, ಕಾಂಡ್ಲ (ಮ್ಯಾಂಗ್ರೋವ್ ಗಿಡಗಳು) ಎಲ್ಲಿವೆ ನೋಡಿ. ಆ ಚಿತ್ರ ಇಳಿತದ ಹೊತ್ತಿನಲ್ಲಿ ತೆಗೆದದ್ದಿರಬಹುದು. ಅದರಲ್ಲಿ ಒಣಗಿ ಕಂಡ ಜಾಗ ನೀವು ಹೋದಾಗಲೂ ಒಣಗಿರುತ್ತದೆ ಎಂದು ನಂಬಬೇಡಿ.

ಈ ನಕ್ಷೆ ಉಬ್ಬರದ ಹೊತ್ತು ಹೇಳುವುದಿಲ್ಲ. ಅದಕ್ಕೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣಕ್ಕೆ ಹೋಗಿ, ನಿಮ್ಮ ಜಾಗಕ್ಕೆ ಹತ್ತಿರದ ಬಂದರನ್ನು ಆರಿಸಿ. ಮುಂಬಯಿಯ ಉಬ್ಬರ-ಇಳಿತದ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಅಪೋಲೊ ಬಂದರ್. ಬೇರೆ ಆ್ಯಪ್ ಬಳಸುವವರು ಅದರ ಗಡಿಯಾರ ಭಾರತದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಗ್ರೀನಿಚ್ ಸಮಯ ತೋರಿಸುತ್ತಿದ್ದರೆ ಐದೂವರೆ ಗಂಟೆ ಕೂಡಿಸಬೇಕು. ಇದನ್ನು ಮರೆತರೆ ಇಳಿತ ಎಂದು ಹೋದವರಿಗೆ ತುಂಬು ಉಬ್ಬರ ಎದುರಾಗುತ್ತದೆ.

ಪಟ್ಟಿಯ ಎತ್ತರ ನೀವು ನಿಂತ ಜಾಗದ ಆಳವಲ್ಲ. ಕಡಲ ನಕ್ಷೆಗೆ ಆಧಾರವಾದ ತೀರಾ ತಗ್ಗಿನ ಮಟ್ಟದಿಂದ ಅಳೆದದ್ದು. ನಮಗೆ ಮುಖ್ಯ ಇಳಿತಕ್ಕೂ ಉಬ್ಬರಕ್ಕೂ ಇರುವ ವ್ಯತ್ಯಾಸ. ಬೆಳಗ್ಗೆ 6ಕ್ಕೆ 0.6 ಮೀಟರ್, ಮಧ್ಯಾಹ್ನ 12ಕ್ಕೆ 4.2 ಮೀಟರ್ ಎಂದಿಟ್ಟುಕೊಳ್ಳಿ. ಏರುವುದು ಒಟ್ಟು 3.6 ಮೀಟರ್, ಆದರೆ ಸಮನಾಗಿ ಅಲ್ಲ. ಅದನ್ನು 12 ಪಾಲು ಮಾಡಿದರೆ ಗಂಟೆಗಂಟೆಗೆ ಸರಿಸುಮಾರು 1, 2, 3, 3, 2, 1 ಪಾಲಿನಂತೆ ನೀರು ಏರುತ್ತದೆ. ಮೊದಲ ಗಂಟೆ ಬರೀ 30 ಸೆಂಟಿಮೀಟರ್. 8ರಿಂದ 9ರೊಳಗೆ 90! ಅಂದರೆ ಒಂದೇ ಗಂಟೆಯಲ್ಲಿ ಸೊಂಟದ ಮಟ್ಟ. ನೀರು ಹರಿಯುವಾಗ ಸಿಗಡಿ, ಸಣ್ಣ ಮೀನು ದಡದತ್ತ ಬರುತ್ತವೆ, ಅವುಗಳ ಹಿಂದೆ ದೊಡ್ಡವು. ಹಾಗಾಗಿ ಎದ್ದು ಬರಲು ಮನಸ್ಸಾಗದ ಹೊತ್ತೂ ಅದೇ. ಇಂಥ ದಿನ ಬಂಡೆಯ ಮೇಲೆ ನಾನು 7.30ರ ಆಚೆ ಕೂರುವುದಿಲ್ಲ. ದಡಕ್ಕೆ ಬಂದು ಅಲ್ಲಿಂದಲೇ ಗಾಳ ಬೀಸುತ್ತೇನೆ.

ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಇದನ್ನು ಭಾಂಗ ಎನ್ನುತ್ತಾರೆ, ದೊಡ್ಡ ಉಬ್ಬರಕ್ಕೆ ಉಧಾಣ. ಹೊಸಬರು ಭಾಂಗದ ದಿನ ನೋಡಿ ಹೊರಡುವುದು ಒಳ್ಳೆಯದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಕಳೆದ ವಾರದ ಲೆಕ್ಕ ಈ ವಾರಕ್ಕೆ ಬಾರದು.

ಖಾಡಿಯೊಳಗೆ, ಅಂದರೆ ಕಡಲು ಒಳನಾಡಿಗೆ ಚಾಚಿದ ಕಡೆ, ಕೂರುವವರಿಗೆ ಇನ್ನೊಂದು ಮಾತು. ಉಬ್ಬರ ಒಳಗೆ ತಲುಪಲು ಹೊತ್ತು ಬೇಕು, ಠಾಣೆ ಊರಿನ ಖಾಡಿಯ ನೀರು ಅಪೋಲೊ ಬಂದರಿನ ಗಂಟೆಗೆ ತಿರುಗುವುದಿಲ್ಲ. ಎರಡು ಮೂರು ವಾರ ನೀರು ತಿರುಗಿದ ಹೊತ್ತನ್ನು ಕಣ್ಣಾರೆ ಕಂಡು ಪಟ್ಟಿಯ ಪಕ್ಕದಲ್ಲಿ ಬರೆದಿಡಿ. ಕಡಲ ಕಡೆಯಿಂದ ಗಾಳಿ ಜೋರಿದ್ದರೆ, ವಾಯುಭಾರ ಕುಸಿದಿದ್ದರೆ ನೀರು ಪಟ್ಟಿಗಿಂತ ಮೇಲೇರುತ್ತದೆ. ಅದಕ್ಕಾಗಿ ಹಿಂದಿನ ಸಂಜೆಯೇ ಅಲೆಗಳ ಎಚ್ಚರಿಕೆಯನ್ನೂ ನೋಡಿ. ಬಂಡೆಗಳ ನಡುವೆ ನೆಟ್‌ವರ್ಕ್ ಸಿಗದಿರಬಹುದು, ಮನೆಯಲ್ಲೇ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ವಾಪಸ್ ಹೊರಡುವ ಹೊತ್ತಿಗೆ ಅಲಾರಾಂ ಇಡಿ, ಅದನ್ನು ಮನೆಯವರಿಗೂ ಹೇಳಿ ಹೊರಡಿ.