ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ವಿಭಾಗದಲ್ಲಿ ಓದುವ ಬಗೆ

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು, ಮೈಸೂರಿನದೋ ಮಂಡ್ಯದ್ದೋ ಒಂದು ಕಾಲೇಜಿನ ಇಂಗ್ಲಿಷ್ ವಿಭಾಗಕ್ಕೆ ಮೊದಲ ಸಲ ಕಾಲಿಡುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆಯೇ ಬಂದವನು. ಆಮೇಲೆ ಬಹಳ ವರ್ಷ ಅಂಥದೇ ಸ್ಟಾಫ್ ರೂಮಿನಲ್ಲಿ ಮೇಜಿನ ಆಚೆ ಬದಿಗೆ ಕುಳಿತವನು. ಎರಡೂ ಬದಿಯಿಂದ ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ವಿಭಾಗದಲ್ಲಿ ಸಿಗುವ ನೆರವು ವಿದ್ಯಾರ್ಥಿಗಳು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ, ಆದರೆ ಅದು ಬರಿಗೈಯಲ್ಲಿ ಬಂದವರಿಗೆ ದಕ್ಕುವುದು ಕಡಿಮೆ. ತಾವೇ ಬರೆದ ಒಂದು ಪುಟ, ಪೆನ್ಸಿಲ್ ಗುರುತು ಬಿದ್ದ ಒಂದು ಪಾಠ, ಕೊನೆಗೆ ಒಂದು ಪ್ರಶ್ನೆಯ ಚೀಟಿಯನ್ನಾದರೂ ಹಿಡಿದು ಬಂದವರಿಗೆ ಅದು ದಕ್ಕುತ್ತದೆ.

ಒಮ್ಮೆ ಮದ್ದೂರಿನ ಕಡೆಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸಾರ್, ನಂಗೆ ಇಂಗ್ಲಿಷೇ ಬರಲ್ಲ” ಎಂದಳು. “ಯಾವ ಪುಟ ಬರಲ್ಲ, ತೋರ್ಸಮ್ಮ” ಎಂದೆ. ತೋರಿಸುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ. ಮಾರನೆಯ ವಾರ ಒಂದು ಪದ್ಯದ ಮೇಲೆ ಅರ್ಧ ಪುಟದ ಉತ್ತರ ಬರೆದು ತಂದಳು. ಆರು ಸಾಲಿನ ಒಂದು ವಾಕ್ಯವನ್ನು ‘ಅಂಡ್’, ‘ಅಂಡ್’ ಎಂದು ಹೊಲಿದುಕೊಂಡು ಹೋಗಿದ್ದಳು. ‘ಡಿಸ್ಕಸ್’ ಎಂಬ ಕ್ರಿಯಾಪದದ ಬೆನ್ನಿಗೆ ಎಲ್ಲ ಕಡೆಯೂ ‘ಅಬೌಟ್’ ಅಂಟಿಸಿದ್ದಳು. ‘ಎ’ ಮತ್ತು ‘ದ’ ಎಂಬ ಎರಡು ಪುಟ್ಟ ಪದಗಳು ಬೇಕಾದಲ್ಲಿ ಇರಲಿಲ್ಲ, ಬೇಡವಾದಲ್ಲಿ ಇದ್ದವು. ಅದರಲ್ಲಿ ಇನ್ನೂ ಹತ್ತು ತಪ್ಪುಗಳಿದ್ದವು, ಆದರೆ ನಾನು ಈ ಮೂರಕ್ಕೇ ಗೆರೆ ಎಳೆದು ಕಳಿಸಿದೆ. ‘ಅಬೌಟ್’ ಮುಂದಿನ ಪುಟದಲ್ಲೇ ಕಾಣೆಯಾಯಿತು. ‘ಎ’, ‘ದ’ ಎರಡು ವರ್ಷ ಕಾಡಿದವು. ಕನ್ನಡದಲ್ಲಿ ಅವುಗಳಿಗೆ ಸಮನಾದ ಪದಗಳೇ ಇಲ್ಲದಿರುವುದರಿಂದ ಅದು ಅವಳ ದಡ್ಡತನವಲ್ಲ, ನಮ್ಮ ನುಡಿಯ ರೂಢಿ. “ಇಂಗ್ಲಿಷ್ ಬರಲ್ಲ” ಎಂಬ ಮಾತಿಗೆ ಯಾವ ಮೇಷ್ಟರ ಬಳಿಯೂ ಮದ್ದಿಲ್ಲ, ಆದರೆ ಆ ಅರ್ಧ ಪುಟಕ್ಕೆ ಇತ್ತು.

ಆದ್ದರಿಂದ ಮೊದಲ ವಾರದಲ್ಲಿ ಮಾಡಬೇಕಾದ ಕೆಲಸವೆಂದರೆ ಯಾವ ಅಧ್ಯಾಪಕರು ಯಾವ ದಿನ ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ವೇಳಾಪಟ್ಟಿ ನೋಡಿ ಗುರುತು ಹಾಕಿಕೊಳ್ಳುವುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಹಳಷ್ಟು ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಅವರು ತಮ್ಮ ತರಗತಿಗಳಿರುವ ದಿನ ಬಂದು, ಮುಗಿದ ಮೇಲೆ ಹೊರಡುತ್ತಾರೆ. ಅವರನ್ನು ತರಗತಿ ಬಿಟ್ಟ ಕೂಡಲೇ ಕಾರಿಡಾರಿನಲ್ಲಿ ಅಡ್ಡಗಟ್ಟದೆ, “ಸಾರ್, ನಾಳೆ ಹತ್ತು ನಿಮಿಷ ಬರ್‍ಲಾ?” ಎಂದು ಮೊದಲೇ ಕೇಳಿಕೊಳ್ಳುವುದು ಮೇಲು. ನಿಮ್ಮ ತರಗತಿಗೆ ಮೆಂಟರ್ ಎಂದು ಒಬ್ಬರನ್ನು ನೇಮಿಸಿರುತ್ತಾರೆ. ಅವರನ್ನು ಹಾಜರಾತಿ ಕಡಿಮೆಯಾದಾಗ ಸಹಿ ಹಾಕುವವರೆಂದಷ್ಟೇ ನೋಡಬೇಡಿ. ಪರಿಹಾರ ಬೋಧನೆಯ ತರಗತಿ ಇದೆಯೇ ಎಂದು ಕೇಳಿ. ಇದ್ದರೆ ನಾಚಿಕೆಯಿಲ್ಲದೆ ಹೆಸರು ಕೊಡಿ. ‘ದಡ್ಡರ ಕ್ಲಾಸು’ ಎಂದು ಅದನ್ನು ಅಣಕಿಸುವವರು ಮೂರನೆಯ ಸೆಮಿಸ್ಟರಿನಲ್ಲಿ ಅದರ ನೋಟ್ಸ್ ಕೇಳಿಕೊಂಡು ಬಂದದ್ದನ್ನು ಕಂಡಿದ್ದೇನೆ.

ಇನ್ನು ಓದುವ ವಿಷಯ, ನಿಜವಾದ ಕೆಲಸವಿರುವುದು ಇಲ್ಲಿಯೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿವರಣೆಯೆಲ್ಲ ನಾಮಪದದ ಮುಂದೆ ಬಂದು ನಿಲ್ಲುತ್ತದೆ. ‘ನಿನ್ನೆ ಸಂತೆಯಲ್ಲಿ ಸಿಕ್ಕ ಹುಡುಗ’ ಎನ್ನುವಾಗ ಹುಡುಗ ಕಾಣಿಸಿಕೊಳ್ಳುವುದು ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು, ಅವನ ಹಿಂದೆ ‘ಹೂ’ (who) ಎಂಬ ಕೊಕ್ಕೆಗೆ ಸಿಕ್ಕಿಕೊಂಡು ನಿನ್ನೆ, ಸಂತೆ, ಸಿಕ್ಕಿದ್ದು ಎಲ್ಲವೂ ಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಗದ್ಯದಲ್ಲಿ ಈ ಬಾಲ ನಾಲ್ಕೈದು ಸಾಲು ಉದ್ದವಿರುತ್ತದೆ, ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವ ನಮ್ಮ ಕಣ್ಣು ಅಷ್ಟರಲ್ಲಿ ದಾರಿ ತಪ್ಪಿರುತ್ತದೆ. ಹಾಗಾಗಿ ಉದ್ದದ ವಾಕ್ಯ ಸಿಕ್ಕಾಗ ನಿಘಂಟಿಗೆ ಕೈಹಾಕುವ ಮುನ್ನ ಪೆನ್ಸಿಲ್ ತೆಗೆದುಕೊಂಡು, ಯಾರು ಎಂಬುದಕ್ಕೆ ಒಂದು ಸುತ್ತು, ಏನು ಮಾಡಿದರು ಎಂಬುದಕ್ಕೆ ಒಂದು ಅಡಿಗೆರೆ ಹಾಕಿ; ಉಳಿದದ್ದನ್ನು ಬೆರಳಿನಿಂದ ಮುಚ್ಚಿ ಓದಿ, ಆಮೇಲೆ ಬೆರಳನ್ನು ಸ್ವಲ್ಪಸ್ವಲ್ಪವೇ ಸರಿಸಿ. ದಿನಕ್ಕೆ ಒಂದೇ ಪುಟವನ್ನು ಹೀಗೆ ಓದಿದರೂ ಒಂದು ಸೆಮಿಸ್ಟರಿನೊಳಗೆ ಪೆನ್ಸಿಲ್ ಬೇಕೆನಿಸುವ ಸಂದರ್ಭಗಳು ಅರ್ಧಕ್ಕೆ ಇಳಿಯುತ್ತವೆ.

ಕನ್ನಡ ಗೊತ್ತಿರುವುದು ಈ ಓದಿಗೆ ತೊಡಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರ ಮನೆತನ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟವರು ಅವರು. ಯು.ಆರ್. ಅನಂತಮೂರ್ತಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದು ಇಂಗ್ಲಿಷನ್ನು, ಕಥೆ ಬರೆದದ್ದು ಕನ್ನಡದಲ್ಲಿ. ಶ್ರೀಕಂಠಯ್ಯನವರ ಅನುವಾದಗಳನ್ನು ಮೂಲದ ಪಕ್ಕ ಇಟ್ಟುಕೊಂಡು ಓದುವುದು ನನಗೆ ಗೊತ್ತಿರುವ ಅತ್ಯುತ್ತಮ ಅಭ್ಯಾಸ. ಶಾಲೆಯ ಪ್ರಾರ್ಥನೆಯಲ್ಲಿ ನಾವೆಲ್ಲ ಹಾಡಿದ ‘ಕರುಣಾಳು ಬಾ ಬೆಳಕೆ’ಯನ್ನೇ ತೆಗೆದುಕೊಳ್ಳಿ. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಬರೆದ ಇದರ ಮೂಲ ಆರಂಭವಾಗುವುದು ‘ಲೀಡ್’ ಎಂಬ ಕ್ರಿಯಾಪದದಿಂದ. ಕನ್ನಡದಲ್ಲಿ ಆ ‘ನಡೆಸು’ ಕೊನೆಯವರೆಗೆ ಕಾದಿದ್ದು, ಬರುವಾಗ ‘ಕೈಹಿಡಿದು’ ಎಂಬುದನ್ನೂ ಜೊತೆಗೆ ಕರೆತರುತ್ತದೆ. ಮೂಲದ ಆ ಜಾಗದಲ್ಲಿ ಕೈಯ ಮಾತೇ ಇಲ್ಲ. ಆ ಕೈ ಯಾಕೆ ಬೇಕಾಯಿತು ಎಂದು ಐದು ಸಾಲು ಬರೆದರೆ ಸಾಕು, ಅಧ್ಯಾಪಕರಿಗೆ ತೋರಿಸಲು ಒಂದು ಪುಟ ಸಿದ್ಧವಾಯಿತು.

ಪದಕೋಶದ ಬಗ್ಗೆ ಎರಡು ಮಾತು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು ನಿಮ್ಮ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿದೆಯೇ ನೋಡಿ. ಹಳೆಯ ಸಾಹಿತ್ಯದ ಪದಗಳಿಗೆ ಅದರಲ್ಲಿ ಸಿಗುವ ಅರ್ಥಛಾಯೆಗಳು ಮೊಬೈಲಿನಲ್ಲಿ ಸಿಗುವುದಿಲ್ಲ. ಬರೆಯುವಾಗ ಕನ್ನಡದ ಪದ ಮಾತ್ರ ಹೊಳೆದು ಇಂಗ್ಲಿಷಿನದು ಹೊಳೆಯದಿದ್ದರೆ, ಅಂತರ್ಜಾಲದಲ್ಲಿ ಉಚಿತವಾಗಿರುವ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ನೆರವಾಗುತ್ತದೆ. ಪಠ್ಯಗಳ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಸಿಲಬಸ್ಸಿನ ಹಳೆಯ ನಾಟಕ, ಕಾದಂಬರಿ, ಕವನಗಳಲ್ಲಿ ಹೆಚ್ಚಿನವು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಇತ್ತೀಚಿನ ವಿಮರ್ಶೆ ಬೇಕಿದ್ದರೆ ಗ್ರಂಥಪಾಲಕರನ್ನು, ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆ ಒದಗಿಸುವ ‘ಎನ್-ಲಿಸ್ಟ್’ನ ಲಾಗಿನ್ ಕೇಳಿ. ಕಾಲೇಜು ಅದಕ್ಕೆ ಸದಸ್ಯತ್ವ ಪಡೆದಿದ್ದರೂ ಕೇಳುವವರಿಲ್ಲದೆ ಪಾಸ್‌ವರ್ಡು ಹಾಗೇ ಬಿದ್ದಿರುವುದುಂಟು.

ಪೇಟೆಯ ಗೈಡುಗಳನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಕಥೆಯ ಎಳೆ ಸಿಗದಿದ್ದಾಗ ನಾನೂ ನೋಡಿದ್ದೇನೆ. ಆದರೆ ಯಾವ ಪಠ್ಯಕ್ರಮಕ್ಕೆ ಬರೆದ ಗೈಡು ಎಂದು ಮೊದಲು ನೋಡಿ. ರಾಜ್ಯದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ನಡೆದು, 2024-25ರಿಂದ ರಾಜ್ಯ ಶಿಕ್ಷಣ ನೀತಿಯಂತೆ ಮೂರು ವರ್ಷದ ಪದವಿ ಮರಳಿರುವುದರಿಂದ, ಅಕ್ಕನೋ ಸೀನಿಯರ್ ಅಣ್ಣನೋ ಪ್ರೀತಿಯಿಂದ ಕೊಟ್ಟ ನೋಟ್ಸ್ ನಿಮ್ಮ ಪರೀಕ್ಷೆಗೆ ಸಂಬಂಧವೇ ಇಲ್ಲದ್ದಾಗಿರಬಹುದು. ಅಸೈನ್‌ಮೆಂಟಿಗೆ ಗೈಡಿನ ವಾಕ್ಯ ಇಳಿಸುವುದು, ಕನ್ನಡದಲ್ಲಿ ಬರೆದು ಯಂತ್ರಾನುವಾದಕ್ಕೆ ಕೊಟ್ಟು ಬಂದದ್ದನ್ನು ಹಾಗೇ ಒಪ್ಪಿಸುವುದು ಎರಡೂ ಒಂದೇ ಬಗೆಯ ನಷ್ಟ. ಹತ್ತು ಅಂಕ ಬರಬಹುದು, ಆದರೆ ನಿಮ್ಮ ತಪ್ಪುಗಳು ಯಾವುವು ಎಂದು ತಿಳಿಯುವ ಒಂದೇ ಅವಕಾಶ ಕೈತಪ್ಪುತ್ತದೆ. ಸಿಕ್ಕಿಬೀಳುವುದೂ ಸುಲಭ, ಹಿಂದಿನ ವಾರ ‘ಹೀ ಗೋ’ ಎಂದು ಬರೆದವನು ಈ ವಾರ ಪತ್ರಿಕೆಯ ಸಂಪಾದಕನಂತೆ ಬರೆದರೆ, ಯಾವುದಾದರೂ ಒಂದು ಪದಕ್ಕೆ ಬೆರಳಿಟ್ಟು “ಇದರ ಅರ್ಥ ಏನಪ್ಪ?” ಎಂದು ಕೇಳಿದರೆ ಮುಗಿಯಿತು.

ಸೆಮಿನಾರಿನ ಭಯಕ್ಕೆ ಗಟ್ಟಿಯಾಗಿ ಓದುವುದನ್ನು ಬಿಟ್ಟು ಬೇರೆ ಉಪಾಯವನ್ನು ನಾನು ಕಂಡಿಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪ್ಯಾಸೆಂಜರ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನನ್ನ ಮೂವರು ವಿದ್ಯಾರ್ಥಿನಿಯರು ಬಾಗಿಲ ಪಕ್ಕದ ಸೀಟು ಹಿಡಿದು, ಒಬ್ಬಳು ಓದುವುದು, ಇನ್ನೊಬ್ಬಳು ತಿದ್ದುವುದು, ಮೂರನೆಯವಳು ಕನ್ನಡದಲ್ಲಿ ತಿರುಳು ಹೇಳುವುದು ಎಂದು ಕಟ್ಟು ಮಾಡಿಕೊಂಡು, ಪಾಂಡವಪುರ ದಾಟುವಷ್ಟರಲ್ಲಿ ಒಂದು ದೃಶ್ಯ ಮುಗಿಸುತ್ತಿದ್ದರು. ಎದುರು ಕುಳಿತ ಸೊಪ್ಪಿನ ಅಜ್ಜಿ ದಿನಾ ಕೇಳಿಸಿಕೊಂಡು, “ಆ ರಾಜ ಆಮೇಲೇನಾದ?” ಎಂದು ವಿಚಾರಿಸುತ್ತಿದ್ದಳಂತೆ.

ಕಚೇರಿಯ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಇವೆಲ್ಲ ಯುಯುಸಿಎಂಎಸ್ ತಂತ್ರಾಂಶದಲ್ಲಿ ನಡೆಯುತ್ತವೆ. ಅದರಲ್ಲಿ ನಿಮ್ಮ ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕುವ ಮುನ್ನ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಸಂಖ್ಯೆ ಕೈಯಲ್ಲಿರಲಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಗ್ರಂಥಾಲಯದ ಬುಕ್ ಬ್ಯಾಂಕ್ ವಿಚಾರಿಸಬೇಕು. ದುಬಾರಿ ಪಠ್ಯಪುಸ್ತಕಗಳನ್ನು ಕೊಂಡುಕೊಳ್ಳದೆ ಓದಲು ಅದೇ ದಾರಿ. ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದೇ ಕಷ್ಟವಾಗುತ್ತದೆ; ಬೆಳಗಿನ ಬಸ್ಸು ತಪ್ಪುವುದು ನಿಮ್ಮ ಊರಿನ ನಿತ್ಯದ ಕಥೆಯಾಗಿದ್ದರೆ ಆ ಮಾತನ್ನು ಕೊನೆಯ ವಾರದವರೆಗೆ ಇಟ್ಟುಕೊಳ್ಳದೆ ಮೊದಲೇ ಮೆಂಟರ್‌ಗೆ ತಿಳಿಸಿ. ನಾನು ವಿದ್ಯಾರ್ಥಿಯಾಗಿದ್ದಾಗ ನೋಟಿಸ್ ಬೋರ್ಡ್ ನೋಡುವ ಅಭ್ಯಾಸವಿಲ್ಲದೆ ಪರೀಕ್ಷಾ ಶುಲ್ಕದ ಕೊನೆಯ ದಿನ ಕಳೆದುಕೊಂಡು, ದಂಡ ಕಟ್ಟಲು ಅಪ್ಪ ಎರಡು ಚೀಲ ರಾಗಿ ಮಾರಬೇಕಾಯಿತು.

ಫಲಿತಾಂಶ ಬಂದು ಅಂಕ ನಿರೀಕ್ಷೆಗಿಂತ ತೀರ ಕಡಿಮೆಯಾಗಿದ್ದರೆ, ಕೂಡಲೇ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಬದಲು, ಅವಕಾಶವಿದ್ದಲ್ಲಿ ಮೊದಲು ಉತ್ತರಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿ. ಎರಡಕ್ಕೂ ವಿಶ್ವವಿದ್ಯಾನಿಲಯ ಕೊಡುವ ಗಡುವು ಚಿಕ್ಕದು, ಆದ್ದರಿಂದ ಪ್ರಕಟಣೆ ಬಂದ ದಿನವೇ ತಾರೀಖು ಬರೆದಿಟ್ಟುಕೊಳ್ಳಿ. ಪ್ರತಿ ಕೈಗೆ ಬಂದ ಮೇಲೆ ಅದನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, ಆ ಪಾಠ ಮಾಡಿದ ಅಧ್ಯಾಪಕರಿಗೆ ಬಿಡುವಿರುವ ಹೊತ್ತಿಗೆ ಸ್ಟಾಫ್ ರೂಮಿಗೆ ಹೋಗಿ, ಅಂಕ ಕಡಿಮೆ ಬಿದ್ದಿರುವ ಪುಟವನ್ನೇ ಮೇಲಕ್ಕೆ ಮಾಡಿ ಅವರ ಮೇಜಿನ ಮೇಲಿಡಿ.